ನೂರು ಫ್ರಾಂಕಿನ ನೋಟು



ಫ್ರಾನ್ಸ್ ದೇಶದ ರೈತನಿಗೇನು ಕಷ್ಟ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆ ದೇಶದ ದಕ್ಷಿಣಕ್ಕೆ, ಸಮುದ್ರದ ದಂಡೆಗೆ ಲಾಂಗ್‌ಡಾಕ್ ಎಂಬ ಸೀಮೆ ಇದೆ. ಒಳ್ಳೇ ಬಿಸಿಲು, ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ. ವೈನು ಕುಡಿಯುವುದು ಸರಿಯೋ ತಪ್ಪೋ, ಅದು ಬೇರೆ ಮಾತು. ಬೆಳೆದವನಿಗೆ ಏನು ದಕ್ಕಿತು ನೋಡಿ.

1870ರ ದಶಕದಲ್ಲಿ ಬೇರಿಗೆ ಫಿಲಾಕ್ಸೆರಾ ಕೀಟ ಬಿದ್ದು ತೋಟಗಳೇ ಒಣಗಿದವು. ರೈತರು ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ಬಳ್ಳಿ ಎಬ್ಬಿಸಿದರು. ಅಷ್ಟರಲ್ಲಿ ಹಿಂಡಿದ ಹಿಪ್ಪೆಗೆ ಸಕ್ಕರೆ, ನೀರು ಬೆರೆಸಿ ಹುಳಿಸಿ ವೈನೆಂದೇ ಮಾರುವ ದಂಧೆ ಬೆಳೆದಿತ್ತು. ಅಲ್ಜೀರಿಯಾದ ಮಾಲೂ ಬಂತು. 1900ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಸುಳ್ಳು ಹೇಳಬಾರದು, ರೈತರೂ ಹೆಚ್ಚು ಇಳುವರಿಯ ತಳಿ ಹಾಕಿ ಮಾಲು ಹೆಚ್ಚಿಸಿದ್ದರು. ಆದರೆ ಕಲಬೆರಕೆ ತಡೆಯೋದು ಸರ್ಕಾರದ ಕೆಲಸ ಅಲ್ಲವೇನ್ರಿ?

1907ರ ಮಾರ್ಚ್ 11ರಂದು ಆರ್ಜೆಲಿಯೆ ಹಳ್ಳಿಯ 87 ಜನ ನಾರ್ಬೊನ್ ಪಟ್ಟಣಕ್ಕೆ ಹೊರಟರು. ಮುಂದಾಳು ಮಾರ್ಸೆಲಾಂ ಆಲ್ಬೇರ್, ಕಾಫಿ ಅಂಗಡಿಯನ್ನೂ ಇಟ್ಟಿದ್ದ ಸಣ್ಣ ಬೆಳೆಗಾರ. ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಸೇರಿದವರು ಐದು ಲಕ್ಷ ಎಂದು ಲೆಕ್ಕ! ಕಂದಾಯ ಕಟ್ಟುವುದಿಲ್ಲ ಎಂದರು. ನೂರಾರು ಊರುಗಳ ಮೇಯರ್‌ಗಳು ರಾಜೀನಾಮೆ ಬಿಸಾಕಿದರು. ಪ್ರಧಾನಿ ಕ್ಲೆಮಾನ್ಸೊ ಸೈನ್ಯ ಕಳಿಸಿದ. ನಾರ್ಬೊನ್‌ನಲ್ಲಿ ಗುಂಡಿಗೆ ಜನ ಸತ್ತರು. ಸುದ್ದಿ ಕೇಳಿದ 17ನೇ ಪದಾತಿ ದಳದ ಸುಮಾರು 500 ಸಿಪಾಯಿಗಳು ದಂಗೆಯೆದ್ದು ಬೆಝಿಯೆ ಊರಿಗೆ ನಡೆದು ಬಂದರು. ಅವರೂ ಆ ಸೀಮೆಯ ಮಕ್ಕಳೇ ತಾನೆ.

ಸೈನ್ಯದಿಂದ ಆಗದ್ದನ್ನು ಕ್ಲೆಮಾನ್ಸೊ ಒಂದು ನೋಟಿನಿಂದ ಮಾಡಿದ. ಜೂನ್ 23ರಂದು ಆಲ್ಬೇರ್ ಒಬ್ಬನೇ ಪ್ಯಾರಿಸ್ಸಿಗೆ ಹೋಗಿ ಅವನನ್ನು ಕಂಡ. ಊರಿಗೆ ಮರಳಲು ರೈಲು ಖರ್ಚಿಗೆಂದು ಪ್ರಧಾನಿ 100 ಫ್ರಾಂಕ್ ಕೈಗಿಟ್ಟ. ಈ ಮುಗ್ಧ ತೆಗೆದುಕೊಂಡ. ಪ್ರಧಾನಿ ಕೂಡಲೇ ಪತ್ರಿಕೆಯವರಿಗೆ ಹೇಳಿದ. ಊರಿಗೆ ಬಂದರೆ, ನಿನ್ನೆಯವರೆಗೆ ಜೈಕಾರ ಹಾಕಿದವರೇ ಮಾರಿಕೊಂಡವನು ಎಂದರು. ರೈಲು ಚಾರ್ಜಿಗೆ ಯಾರಾದರೂ ಚಳವಳಿ ಮಾರುತ್ತಾರೆಯೇ? 

ಆದರೂ ಹೋರಾಟ ಸುಮ್ಮನೆ ಹೋಗಲಿಲ್ಲ. ಜೂನ್ 29ರ ಕಾನೂನು ವೈನಿಗೆ ಹಾಕುವ ಸಕ್ಕರೆಗೆ ಹೆಚ್ಚುವರಿ ತೆರಿಗೆ ಹೇರಿತು, ಎಷ್ಟು ಬೆಳೆದೆವು ಎಂದು ಬರೆದುಕೊಡಬೇಕಾಯಿತು. ಸೆಪ್ಟೆಂಬರಿನಲ್ಲಿ ಬೆಳೆಗಾರರು ತಮ್ಮದೇ ಮಹಾಸಂಘ ಕಟ್ಟಿ, ಕಲಬೆರಕೆ ಹಿಡಿಯಲು ತಮ್ಮ ಆಳುಗಳನ್ನೇ ಇಟ್ಟರು. ಅಧಿಕಾರಿಗಳ ಕಾಲು ಹಿಡಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು ಎನ್ನುತ್ತೇನೆ.

ಈಗ ಫ್ರಾನ್ಸಿನಲ್ಲಿ ವೈನು ಕುಡಿಯುವವರೇ ಕಡಿಮೆಯಾಗಿ ಮತ್ತೆ ಮಾಲು ನಿಂತಿದೆ. 2024ರಲ್ಲಿ ಸರ್ಕಾರ ಬಳ್ಳಿ ಕೀಳುವವರಿಗೆ ಹೆಕ್ಟೇರಿಗೆ 4000 ಯೂರೊ ಕೊಡುವುದಾಗಿ ಹೇಳಿತು. ಲಾಂಗ್‌ಡಾಕ್ ಕಡೆಯ ಎಷ್ಟೋ ಜನ ಅರ್ಜಿ ಹಾಕಿದರು.