ಬಾಗುವ ಹಳಿಯನ್ನು ಕೊಳ್ಳುವ ಮುನ್ನ

ಮನೆಯಲ್ಲಿ ಕಿರುರೈಲನ್ನು ಹೂಡಲು ಹೊರಟ ಗೃಹಸ್ಥರಿಗೆ ಮೊದಲು ದೊರೆಯುವುದು ಪೆಟ್ಟಿಗೆಯೊಡನೆ ಬರುವ ತುಂಡು ಹಳಿಗಳು. ಅವುಗಳಿಂದ ವೃತ್ತವೋ ಅಂಡಾಕಾರವೋ ಆದೀತು. ಆದರೆ ಗೇಣಿಗೊಂದು ಕೀಲು ಬಂದು, ಕೀಲು ಸಡಿಲವಾದಲ್ಲೆಲ್ಲ ವಿದ್ಯುತ್ತು ಕುಂದಿ ಗಾಡಿ ನಿಲ್ಲುವುದು. ಬಾಗುವ ಹಳಿಯಾದರೋ ಸಾಮಾನ್ಯವಾಗಿ ಒಂದು ಗಜದುದ್ದ ಒಂದೇ ತುಂಡಾಗಿದ್ದು, ಮೇಜಿನ ಮೂಲೆಗೆ ತಕ್ಕಂತೆ ಬಳಸಿ ಬರುತ್ತದೆ. ಸ್ವಲ್ಪ ಅನುಭವವಾದವರು ಇದನ್ನೇ ಬಯಸುವರು. ಬಯಸುವುದು ಯುಕ್ತವೂ ಅಹುದು. ಆದರೆ ಒಮ್ಮೆ ಮೊಳೆ ಹೊಡೆದು, ಜಲ್ಲಿಯನ್ನು ಅಂಟಿಸಿದ ಬಳಿಕ ಹಳಿಯನ್ನು ಕೆಡದಂತೆ ಕೀಳುವುದು ಕಷ್ಟ. ಆದುದರಿಂದ ಹಣ ತೆರುವ ಮೊದಲೇ ವಿಚಾರಮಾಡತಕ್ಕದ್ದು.

ಕಣ್ಣನ್ನು ಸೆಳೆಯುವುದು ಮೊದಲು ಹಳಿಯ ಎತ್ತರ. ಇದನ್ನು ಅಂಗುಲದ ಸಾವಿರದ ಪಾಲುಗಳಲ್ಲಿ ಎಣಿಸಿ, ಆ ಅಂಕೆಗೆ ‘ಕೋಡ್’ ಎನ್ನುವರು: ಕೋಡ್ 100 ಎಂದರೆ 2.54 ಮಿಲಿಮೀಟರು, ಕೋಡ್ 83 ಎಂದರೆ ಸುಮಾರು 2.1. ನಿಜವಾದ ರೈಲಿನ 87ರಲ್ಲೊಂದು ಪಾಲಾದ ಎಚ್‌ಓ ಪ್ರಮಾಣದಲ್ಲಿ ಅಮೆರಿಕದ ಮುಖ್ಯಮಾರ್ಗಗಳ ದಪ್ಪ ಹಳಿಗೆ 83 ಸರಿಹೊಂದುವುದು. 100 ಕೊಂಚ ಒರಟಾಗಿ ಕಾಣುವುದು. ಆದರೂ ಮನೆಯಲ್ಲಿ ಹಳೆಯ ಗಾಡಿಗಳಿದ್ದರೆ ಅಂದಕ್ಕೆ ಮರುಳಾಗಬಾರದು. ಅವುಗಳಲ್ಲಿ ಅನೇಕದರ ಗಾಲಿಯಂಚು ಆಳವಾದುದು. ಗಿಡ್ಡ ಹಳಿಯಲ್ಲಿ ಅದು ಮೊಳೆದಲೆಗಳಿಗೆ ತಗುಲಿ ಗಾಡಿ ಟಕಟಕನೆ ಕುಣಿಯುವುದುಂಟು. ಇಂಥವರಿಗೆ ನಾವು 100ನ್ನೇ ಹೇಳುವೆವು.

ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರು, ಇದು ಪಶ್ಚಿಮ ದೇಶಗಳ 1435 ಮಿಲಿಮೀಟರಿನ ಹಳಿಯ ಪಡಿಯಚ್ಚು. ನಮ್ಮ ದೇಶದ 1676 ಮಿಲಿಮೀಟರಿಗೆ ಈ ಲೆಕ್ಕದಲ್ಲಿ 19ಕ್ಕೂ ಮೀರಿ ಬೇಕು. ಇದಕ್ಕಾಗಿ ಮುನಿಯುವವರು ಮುನಿಯಲಿ. ಮಕ್ಕಳಂತೂ ಅಳತೆಗೋಲು ಹಿಡಿದು ನೋಡುವುದಿಲ್ಲ.

ಎಲ್ಲಕ್ಕೂ ಮುಖ್ಯವಾದುದು ಹಳಿಯ ಸ್ವಭಾವ. ಅಟ್ಲಾಸ್ ಹಳಿ ಬೆತ್ತದಂತೆ: ಸುಲಭವಾಗಿ ಬಾಗುವುದು, ಬಿಟ್ಟೊಡನೆ ನೆಟ್ಟಗಾಗುವುದು. ಮೈಕ್ರೋ ಇಂಜಿನಿಯರಿಂಗ್ ಹಳಿ ಬಿರುಸು. ತಾಳ್ಮೆಯಿಂದ ತಿದ್ದಿದರೆ ತಿದ್ದಿದ ಆಕಾರದಲ್ಲಿಯೇ ನಿಲ್ಲುವುದು, ಆದರೆ ಅದನ್ನು ಮತ್ತೆ ನೆಟ್ಟಗೆ ಮಾಡುವುದು ಸುಲಭವಲ್ಲ. ಸಮನಾದ ತಿರುವು ಬೇಕಾದ ಹೊಸಬರಿಗೆ ಮೊದಲನೆಯದೇ ಲೇಸೆಂದು ನಮ್ಮ ಮತ. ಅದರ ದೋಷವೆಲ್ಲ ಕೀಲಿನಲ್ಲಿದೆ: ತಿರುವಿನಲ್ಲಿ ಎರಡು ತುಂಡುಗಳು ಕೂಡುವೆಡೆ ತುದಿಗಳು ನೆಟ್ಟಗಾಗಲು ಹವಣಿಸಿ ಮೊಣಕೈಯಂತೆ ಮೂಲೆಯಾಗುವುದು, ಗಾಡಿ ಹಳಿ ತಪ್ಪುವುದು ಅಲ್ಲಿಯೇ. ಇದಕ್ಕೆ ಉಪಾಯ, ಎರಡು ತುಂಡುಗಳನ್ನು ನೇರವಾಗಿರುವಾಗಲೇ ಬೆಸೆದು ಆಮೇಲೆ ಬಗ್ಗಿಸುವುದು. ಜಾರುವ ಕಂಬಿಯನ್ನು ತಿರುವಿನ ಒಳಮಗ್ಗುಲಿಗಿಡಬೇಕು. ಕಾಲು ಸುತ್ತಿಗೆ ಸುಮಾರು ಒಂದು ಅಂಗುಲ ಅದು ಹೊರಚಾಚುವುದು, ಅಷ್ಟನ್ನು ಕತ್ತರಿಸತಕ್ಕದ್ದು. ನೇರವಾದ ಭಾಗದ ಕೀಲುಗಳನ್ನು ಮಾತ್ರ ಬೆಸೆಯದೆ, ಕಾಗದದ ದಪ್ಪದಷ್ಟು ಸಂದು ಬಿಡಿರಿ. ಮಳೆಗಾಲದಲ್ಲಿ ಉಬ್ಬಿದ ಹಲಗೆ ಬೇಸಗೆಯಲ್ಲಿ ಕುಗ್ಗಿದಾಗ ಹಳಿ ಡೊಂಕಾಗದೆ ಉಳಿಯುವುದು.

‘ನಿಕಲ್ ಸಿಲ್ವರ್’ ಎಂಬ ಹೆಸರಿಗೆ ಬೆರಗಾಗಬೇಡಿರಿ. ಅದರಲ್ಲಿ ಬೆಳ್ಳಿ ಗುಂಜಿಯಷ್ಟೂ ಇಲ್ಲ, ತಾಮ್ರ ನಿಕಲ್ ಸತುವುಗಳ ಬೆರಕೆಯಷ್ಟೆ. ಆದರೂ ಹಿತ್ತಾಳೆಗಿಂತ ಅದು ಮೇಲು. ಹಿತ್ತಾಳೆಯ ಹಳಿಯನ್ನು ದೇವರ ದೀಪದಂತೆ ಪದೇ ಪದೇ ಉಜ್ಜದಿದ್ದರೆ ಗಾಡಿಗೆ ವಿದ್ಯುತ್ತು ಸರಿಯಾಗಿ ದೊರೆಯದು.

ಹನ್ನೆರಡು ತುಂಡುಗಳನ್ನು ಒಟ್ಟಿಗೆ ತರಬೇಡಿರಿ. ಒಂದನ್ನು ತಂದು, ನಿಮ್ಮ ಮೇಜಿನ ಅತ್ಯಂತ ಇಕ್ಕಟ್ಟಾದ ತಿರುವಿಗೆ ಬಗ್ಗಿಸಿ, ಮನೆಯಲ್ಲಿರುವ ಅತಿ ಉದ್ದದ ಗಾಡಿಯನ್ನು ಬೆರಳಿನಿಂದ ತಳ್ಳಿ ನೋಡಿರಿ. ಅದು ತೊಡಕಿಲ್ಲದೆ ಹೊರಳಿದರೆ ಉಳಿದುದಕ್ಕೆ ಬರೆದುಹಾಕಬಹುದು.