ಚೀಟಿ ಇಲ್ಲದ ಲಗೇಜು

ಪುಣೆಯ ಒಂದು ಆಫೀಸಿನಲ್ಲಿ ಹೊಸ ಸ್ವಿಚ್ ಕೂರಿಸಿದ ಮರುದಿನವೇ ಫೋನು: ಅಕೌಂಟ್ಸ್‌ನವರ ಕಂಪ್ಯೂಟರಿಗೆ ಅತಿಥಿಗಳ ವೈಫೈನ ಐಪಿ ವಿಳಾಸ ಬರುತ್ತಿದೆ! ಎಲ್ಲರ ಸಂಬಳದ ಪಟ್ಟಿ ಇರುವ ಯಂತ್ರ ಅದು. ಕೇಬಲ್ ಬದಲಿಸಿ ನೋಡುವುದರಲ್ಲೇ ಅರ್ಧ ದಿನ ಹೋಯಿತು.

ಒಂದೇ ಸ್ವಿಚ್ಚಿನೊಳಗೆ ಬೇರೆಬೇರೆ ಜಾಲಗಳನ್ನು ಮಾಡಿಕೊಳ್ಳುವುದೇ ವಿಲ್ಯಾನ್. ಆದರೆ ಎರಡು ಸ್ವಿಚ್ಚುಗಳ ನಡುವಿನ ಟ್ರಂಕ್ ಕೇಬಲ್ ಒಂದೇ. ಎಲ್ಲರ ಫ್ರೇಮುಗಳೂ ಅದರಲ್ಲೇ ಹೋಗಬೇಕು. ಹಾಗಾಗಿ ಊರಿನ ಬಸ್ಸಿನ ಡಿಕ್ಕಿಯಲ್ಲಿ ಲಗೇಜಿಗೆ ಚೀಟಿ ಅಂಟಿಸುವಂತೆ, ಸ್ವಿಚ್ ಫ್ರೇಮಿನೊಳಗೆ 4 ಬೈಟಿನ ಟ್ಯಾಗ್ ಸೇರಿಸುತ್ತದೆ. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ. ಬಳಸಲು ಸಿಗುವುದು 1ರಿಂದ 4094. ಆಚೆಯ ಸ್ವಿಚ್ ಸಂಖ್ಯೆ ನೋಡಿ, ಟ್ಯಾಗ್ ಕಿತ್ತು, ಫ್ರೇಮನ್ನು ಕಂಪ್ಯೂಟರಿಗೆ ಕೊಡುತ್ತದೆ. ಟ್ಯಾಗ್ ಇತ್ತೆಂಬುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಒಂದು ವಿಲ್ಯಾನಿಗೆ ಮಾತ್ರ ಸಾಮಾನ್ಯವಾಗಿ ಚೀಟಿ ಇರುವುದಿಲ್ಲ, ಅದು ನೇಟಿವ್. ಚೀಟಿಯಿಲ್ಲದೆ ಬಂದದ್ದನ್ನು ಪ್ರತಿ ಸ್ವಿಚ್ಚೂ ತನ್ನ ನೇಟಿವಿಗೆ ಸೇರಿಸಿಕೊಳ್ಳುತ್ತದೆ, ಕೇಳುವುದಿಲ್ಲ. ಹಳೆಯ ಸ್ವಿಚ್ಚಿನಲ್ಲಿ ನೇಟಿವ್ 10, ಅಕೌಂಟ್ಸ್. ಹೊಸದರಲ್ಲಿ 20, ಅತಿಥಿಗಳದ್ದು. ಅಕೌಂಟ್ಸ್‌ನ ಫ್ರೇಮು ಚೀಟಿಯಿಲ್ಲದೆ ಹೊರಟು ಅತಿಥಿಗಳ ಮನೆ ಸೇರುತ್ತಿತ್ತು.

ಹೊಸದಕ್ಕೆ 20 ಎಂದು ಬರೆದದ್ದು ನಾನೇ. ಅದನ್ನು ಅಕೌಂಟ್ಸ್‌ನವರಿಗೂ ಹೇಳಿದೆ. ಈಗ ಎರಡೂ ಕಡೆ ನೇಟಿವ್ 999. ಅದರಲ್ಲಿ ಯಾರೂ ಇಲ್ಲ.