ಒಳಗಿದ್ದು ಬಂದವರ ಮಾತು



'ನಾನು ಆ ಗುಪ್ತಸಂಘದ ಒಳಗಿದ್ದವನು. ಅಲ್ಲಿ ನಡೆಯುವುದನ್ನೆಲ್ಲ ಕಣ್ಣಾರೆ ಕಂಡು, ಪಶ್ಚಾತ್ತಾಪಪಟ್ಟು ಹೊರಬಂದಿದ್ದೇನೆ' ಎಂದು ಒಬ್ಬನು ಹೇಳಿದೊಡನೆ ನಮ್ಮಲ್ಲಿ ಬಹುಮಂದಿ ಸುಶಿಕ್ಷಿತರ ವಿವೇಕವೂ ಕೈಕಟ್ಟಿ ಕುಳಿತುಬಿಡುತ್ತದೆ. ಪಾಟೀಸವಾಲಿನಲ್ಲಿ ಸಾಕ್ಷಿಗಳ ಬೆವರಿಳಿಸುವ ವಕೀಲರು, ಪ್ರಯೋಗಶಾಲೆಯಲ್ಲಿ ಒಂದು ಹನಿಯನ್ನೂ ಅಳೆಯದೆ ನಂಬದ ಅಧ್ಯಾಪಕರು, ಮನೆಗೆ ಒಂದು ಎಮ್ಮೆ ಕೊಳ್ಳುವುದಾದರೂ ಹಲ್ಲು ನೋಡಿ, ಹಾಲು ಕರೆಯಿಸಿ ನೋಡುವ ಒಕ್ಕಲಿಗರು, ಇವರೆಲ್ಲರೂ ಇಂಥ ಪುಸ್ತಕವೊಂದು ಕೈಸೇರಿದಾಗ, ಇಂಥ ಭಾಷಣವೊಂದು ಮೊಬೈಲಿನಲ್ಲಿ ಬಂದಾಗ, ಒಂದು ಪ್ರಶ್ನೆಯನ್ನೂ ಕೇಳದೆ ಶರಣಾಗುತ್ತಾರೆ. ಸಂಶಯ ವ್ಯಕ್ತಪಡಿಸಿದರೆ 'ಒಳಗಿದ್ದವನಿಗಿಂತ ಹೊರಗಿನ ನಿಮಗೆ ಹೆಚ್ಚು ಗೊತ್ತೇ ಬುದ್ಧೀ?' ಎಂದು ನಮ್ಮನ್ನೇ ಕೇಳುತ್ತಾರೆ.

ಕೇಳಲು ಸೊಗಸಾದ ಪ್ರಶ್ನೆ. ಆದರೆ ಅವನು ಒಳಗಿದ್ದನೆಂಬುದೇ ಇಲ್ಲಿ ಸಾಧಿಸಬೇಕಾದ ವಿಷಯವಲ್ಲವೇ? ಸಾಧಿಸಬೇಕಾದುದರಷ್ಟೇ ಅಸಿದ್ಧವಾದುದನ್ನು ಹೇತುವೆಂದು ಮುಂದಿಡುವುದಕ್ಕೆ ನಮ್ಮ ತರ್ಕಶಾಸ್ತ್ರವು 'ಸಾಧ್ಯಸಮ'ವೆಂಬ ಹೆಸರಿಟ್ಟು ಅದನ್ನು ಹೇತ್ವಾಭಾಸಗಳ ಸಾಲಿನಲ್ಲಿ ಕೂರಿಸಿದೆ. ನ್ಯಾಯದರ್ಶನವು ಶಬ್ದವನ್ನು ಪ್ರಮಾಣವೆಂದು ಒಪ್ಪಿದ್ದು ನಿಜ. ಆದರೆ ಯಾರ ಶಬ್ದವನ್ನು? ಆಪ್ತನ ಶಬ್ದವನ್ನು. ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಬಿಚ್ಚಿ ಹೇಳಿದ್ದಾನೆ. ಎಂದರೆ, ನಮ್ಮ ಕಡೆಗೆ ಬಂದು ನಿಂತ ಮಾತ್ರಕ್ಕೆ ಒಬ್ಬನು ಆಪ್ತನಾಗುವುದಿಲ್ಲ. ನಾವು ದ್ವೇಷಿಸುವವರನ್ನು ಅವನೂ ಬೈಯುತ್ತಾನೆಂಬುದು ಯಾವ ಶಾಸ್ತ್ರದಲ್ಲಿಯೂ ಪ್ರಮಾಣವಲ್ಲ.

ಇದನ್ನು ಕಡೆಗಣಿಸಿದವರಿಗೆ ಏನಾಯಿತೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಇಂದು ಓಡಾಡುತ್ತಿರುವ ಇಂಥ ಕಥೆಗಳಲ್ಲಿ ಹಲವಕ್ಕೆ ಬೇರು ಅಲ್ಲಿಯೇ ಇದೆ.

1854ರಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಬ್ರಿಯಲ್ ಜೋಗಾಂ ಎಂಬುವನು ಲಿಯೊ ಟಾಕ್ಸಿಲ್ ಎಂಬ ಹೆಸರಿನಿಂದ ಬರೆಯುತ್ತಿದ್ದನು. ಕ್ರೈಸ್ತ ಪಾದ್ರಿಗಳನ್ನೂ ಪೋಪರನ್ನೂ ಅಶ್ಲೀಲವಾಗಿ ಹಳಿಯುವುದೇ ಅವನ ಜೀವನೋಪಾಯ. 1881ರಲ್ಲಿ ಅವನು ಫ್ರೀಮೇಸನ್ ಸಂಘವನ್ನು ಸೇರಿದನು. ಕೈಸನ್ನೆ, ಗುಟ್ಟಿನ ಮಾತು, ಪ್ರತಿಜ್ಞೆಗಳನ್ನಿಟ್ಟುಕೊಂಡು ಬಾಗಿಲು ಮುಚ್ಚಿ ಸಭೆ ಸೇರುವ ಈ ಸಂಘದಲ್ಲಿ ಮೊದಲ ಮೂರು ಮೆಟ್ಟಿಲುಗಳು ಮುಖ್ಯವಾದುವು. ಟಾಕ್ಸಿಲ್‌ನು ಮೊದಲನೆಯ ಮೆಟ್ಟಿಲಿನಲ್ಲಿದ್ದಾಗಲೇ ಸಂಘವು ಅವನನ್ನು ಹೊರಹಾಕಿತು. ವಾಚಕರು ಇದನ್ನು ನೆನಪಿನಲ್ಲಿಡಬೇಕು: ಅವನು ಒಳಗಿದ್ದದ್ದು ಸುಳ್ಳಲ್ಲ. ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟಷ್ಟು ಹೊತ್ತು ಇದ್ದನು. ಆ ಬಂಡವಾಳದ ಮೇಲೆಯೇ ಗರ್ಭಗುಡಿಯ ಕಥೆ ಕಟ್ಟಿದನು.

1884ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರು ಫ್ರೀಮೇಸನ್‌ರನ್ನು ಖಂಡಿಸಿ ಸುತ್ತೋಲೆ ಹೊರಡಿಸಿದರು. ಮರುವರ್ಷವೇ ಟಾಕ್ಸಿಲ್‌ನಿಗೆ ಪಶ್ಚಾತ್ತಾಪವಾಯಿತು! ಕಣ್ಣೀರಿಟ್ಟು ಚರ್ಚಿಗೆ ಮರಳಿದನು. ಗುಪ್ತಸಂಘದ ರಹಸ್ಯಗಳನ್ನು ಬಯಲು ಮಾಡುತ್ತೇನೆಂದು ಪುಸ್ತಕದ ಮೇಲೆ ಪುಸ್ತಕ ಬರೆದನು. 1887ರಲ್ಲಿ ಸಾಕ್ಷಾತ್ ಪೋಪರ ದರ್ಶನವೂ ದೊರೆಯಿತು. ನಿನ್ನೆಯವರೆಗೆ ಬೈಗುಳವನ್ನು ಮಾರುತ್ತಿದ್ದವನು ಇಂದು ಬೇರೆ ಗಿರಾಕಿಗಳಿಗೆ ಬೇರೆ ಬೈಗುಳವನ್ನು ಮಾರುತ್ತಿದ್ದಾನೆ ಎಂದು ಸಂದೇಹಪಟ್ಟವರು ವಿರಳ.

1892ರಿಂದ ಅವನೂ ಅವನ ಸಂಗಡಿಗ, ಹಡಗಿನ ವೈದ್ಯನಾಗಿದ್ದ ಹ್ಯಾಕ್ಸ್ ಎಂಬುವನೂ ಕೂಡಿ 'ಡಾಕ್ಟರ್ ಬತಾಯ್' ಎಂಬ ಕಳ್ಳಹೆಸರಿನಲ್ಲಿ 'ಹತ್ತೊಂಬತ್ತನೆಯ ಶತಮಾನದಲ್ಲಿ ಸೈತಾನ' ಎಂಬ ಬೃಹದ್ಗ್ರಂಥವನ್ನು ಕಂತುಕಂತಾಗಿ ಹೊರತಂದರು. ಫ್ರೀಮೇಸನ್‌ರ ಒಳಗೆ 'ಪಲ್ಲಾಡಿಯಂ' ಎಂಬ ಇನ್ನೂ ಗುಪ್ತವಾದ ಪಂಥವಿದೆಯಂತೆ. ಅಮೆರಿಕೆಯ ಚಾರ್ಲ್ಸ್‌ಟನ್ ನಗರದ ಆಲ್ಬರ್ಟ್ ಪೈಕ್ ಅದರ ಗುರುವಂತೆ. ಜಿಬ್ರಾಲ್ಟರಿನ ಬಂಡೆಯ ಒಳಗೆ ಸೈತಾನನ ಕಾರ್ಖಾನೆಗಳಿವೆಯಂತೆ. ಒಂದು ಸಭೆಯಲ್ಲಿ ಮೇಜು ಮೊಸಳೆಯಾಗಿ ಮಾರ್ಪಟ್ಟು ಪಿಯಾನೋ ನುಡಿಸಿತಂತೆ! ಅಡಗೂಲಜ್ಜಿಯೂ ಹೇಳಲು ನಾಚುವ ಇಂಥ ಕಥೆಗಳನ್ನು ಪಂಡಿತರು ಓದಿ ತಲೆದೂಗಿದರೆಂದರೆ ಆಶ್ಚರ್ಯವಾದೀತು. ಆದರೆ ತಲೆದೂಗಿದರು. 'ಇಷ್ಟೊಂದು ವಿವರಗಳನ್ನು ಯಾರಾದರೂ ಕಲ್ಪಿಸಲು ಸಾಧ್ಯವೇ?' ಎಂಬುದು ಅವರ ವಾದವಾಗಿತ್ತು. ಇಂದಿನವರ ವಾದವೂ ಅದೇ.

ವಿವರಗಳನ್ನೇ ನೋಡೋಣ. ಅವುಗಳಲ್ಲಿ ಕೆಲವು ನಮ್ಮ ದೇಶಕ್ಕೆ ಸಂಬಂಧಿಸಿದವು. ಬತಾಯ್ ಮಹಾಶಯನು ಪಾಂಡಿಚೇರಿಯನ್ನೂ ಕಲಕತ್ತೆಯನ್ನೂ ಕಂಡನಂತೆ. ಕಲಕತ್ತೆಯ ಸಮೀಪದಲ್ಲಿ ಬಂಡೆಗಲ್ಲಿನ ಬೆಟ್ಟವೊಂದಿದ್ದು, ಅದರಲ್ಲಿ ಸೈತಾನಪೂಜೆಗೆಂದು ಏಳು ಗುಡಿಗಳಿವೆಯಂತೆ. ಕಲಕತ್ತೆಯನ್ನು ಕಂಡವರು ಹೇಳಲಿ: ಗಂಗೆ ತಂದು ಹಾಸಿದ ಮೆಕ್ಕಲುಮಣ್ಣಿನ ಆ ಬಯಲಿನಲ್ಲಿ, ಉಪ್ಪುನೀರಿನ ಜೌಗಿನ ಅಂಚಿನಲ್ಲಿ, ಬಂಡೆಗಲ್ಲಿನ ಬೆಟ್ಟವೆಲ್ಲಿಂದ ಬಂತು? ಪ್ಯಾರಿಸ್ಸಿನ ವಾಚಕನಿಗೆ ಅದು ದೂರದ, ವಿಚಿತ್ರವಾದ ದೇಶ. ಅಲ್ಲಿ ಏನು ಬೇಕಾದರೂ ಇದ್ದೀತು. ಅದೇ ಕಲಕತ್ತೆಯಲ್ಲಿ 1884ರಲ್ಲಿ ನರೇಂದ್ರನಾಥ ದತ್ತರೆಂಬ ತರುಣರು ಫ್ರೀಮೇಸನ್ ಸಂಘವೊಂದನ್ನು ಸೇರಿದ್ದರು. ಮುಂದೆ ವಿವೇಕಾನಂದರಾದ ಅವರು ಅಲ್ಲಿ ಸೈತಾನನನ್ನು ಕಂಡುದಾಗಿ ಎಲ್ಲಿಯೂ ಹೇಳಿಲ್ಲ.

ಗಮನಿಸಬೇಕಾದುದು ಇಷ್ಟು. ವಿವರ ಹೆಚ್ಚಾಗಿರುವುದರಿಂದ ಸತ್ಯವಾಗುವುದಿಲ್ಲ. ಸುಳ್ಳಾದರೆ ಸಿಕ್ಕಿಬೀಳುವಂಥ ವಿವರವೆಷ್ಟಿದೆ ಎಂದು ನೋಡಬೇಕು. ಹಡಗಿನಲ್ಲಿ ತಿರುಗಿದವನು ಬಂದರುಗಳ ಹೆಸರನ್ನು ಸರಿಯಾಗಿಯೇ ಹೇಳಿಯಾನು. ಆ ನಿಜದ ನೂಲಿನಲ್ಲಿ ಸುಳ್ಳನ್ನು ಪೋಣಿಸುವುದು ಈ ಕಸುಬಿನ ಮೊದಲ ಪಾಠ. 1896ರಲ್ಲಿ ಲಂಡನ್ನಿನ ಎ. ಇ. ವೇಟ್ ಎಂಬ ವಿದ್ವಾಂಸರು ಇಡೀ ಕಥೆಯನ್ನು ಕೈಗೆತ್ತಿಕೊಂಡು ಸಾಲುಸಾಲಾಗಿ ಪರೀಕ್ಷಿಸಿದರು. ಪಲ್ಲಾಡಿಯಂ ಪಂಥದ ಮಾಜಿ ಪೂಜಾರಿಣಿಯೆಂದು ಟಾಕ್ಸಿಲ್‌ನು ಹುಟ್ಟಿಸಿದ ಡಯಾನಾ ವಾನ್ ಎಂಬುವಳು ತಾನು ಹದಿನೇಳನೆಯ ಶತಮಾನದ ರಸವಾದಿ ಥಾಮಸ್ ವಾನ್‌ನ ವಂಶದವಳೆಂದು 'ಆತ್ಮಕಥೆ'ಯಲ್ಲಿ ಬರೆದು, ಅವನು ಹುಟ್ಟಿದ್ದು 1612ರಲ್ಲಿ ಎಂದಿದ್ದಳು. ಅವಳ ದುರದೃಷ್ಟಕ್ಕೆ, ಆ ವಾನ್‌ನ ಗ್ರಂಥಗಳನ್ನು 1888ರಲ್ಲಿಯೇ ಸಂಪಾದಿಸಿದ್ದವರು ಈ ವೇಟರೇ. ಅವನು ಹುಟ್ಟಿದ್ದು ಸುಮಾರು ಹತ್ತು ವರ್ಷಗಳ ತರುವಾಯವೆಂಬುದು ಅವರಿಗೆ ಗೊತ್ತಿತ್ತು. ಸೈತಾನನ ವಿಷಯದಲ್ಲಿ ವಾದ ಮಾಡಿ ಗೆಲ್ಲುವುದು ಕಷ್ಟ. ಹುಟ್ಟಿದ ವರ್ಷದ ವಿಷಯದಲ್ಲಿ ಹಾಗಲ್ಲ.

ಕ್ಯಾಥೊಲಿಕ್ ಪಂಡಿತರೆಲ್ಲರೂ ಕುರುಡರಾಗಿದ್ದರೆಂದು ಹೇಳಿದರೆ ಅನ್ಯಾಯವಾದೀತು. 1896ರ ಸೆಪ್ಟೆಂಬರಿನಲ್ಲಿ ಟ್ರೆಂಟ್ ಪಟ್ಟಣದಲ್ಲಿ ಫ್ರೀಮೇಸನ್ ವಿರೋಧಿ ಮಹಾಸಮ್ಮೇಳನ ನಡೆದಾಗ, ಡಯಾನಾ ಎಂಬುವಳಿದ್ದರೆ ಅವಳ ಜನನಪತ್ರವನ್ನು ತೋರಿಸಿರಿ, ಅವಳಿಗೆ ಧರ್ಮಪ್ರವೇಶ ಮಾಡಿಸಿದ ಪಾದ್ರಿ ಯಾರೆಂದು ಹೇಳಿರಿ ಎಂದು ಸಭೆಯಲ್ಲಿಯೇ ಕೇಳಿದರು. ಟಾಕ್ಸಿಲ್‌ನ ಉತ್ತರವೇನು? ಹೇಳಿದರೆ ಅವಳ ಪ್ರಾಣಕ್ಕೆ ಅಪಾಯ! ನೋಡಿರಿ, ಎಲ್ಲ ಬೀಗಗಳಿಗೂ ಹತ್ತುವ ಒಂದೇ ಕೀಲಿಕೈ. ಪ್ರಾಣಭಯವಿದ್ದವಳು ತಿಂಗಳು ತಿಂಗಳೂ ಆತ್ಮಕಥೆ ಅಚ್ಚು ಹಾಕಿಸುತ್ತಿದ್ದಳು. ಪ್ರಾಣಭಯವು ಪುಸ್ತಕ ಮಾರುವಾಗ ಇರುವುದಿಲ್ಲ, ಪುರಾವೆ ಕೇಳಿದಾಗ ಮಾತ್ರ ಬರುತ್ತದೆ. ನಿಮ್ಮೆದುರಿಗೆ ಬರುವ ಯಾವ 'ಒಳಗಿನವ'ನನ್ನಾದರೂ ಈ ಒಂದು ಒರೆಗಲ್ಲಿಗೆ ತಿಕ್ಕಿ ನೋಡಿರಿ. ಟ್ರೆಂಟಿನಲ್ಲಿ ಕೇಳಿದವರಿಗೆ ಸಿಕ್ಕಿದ ಗೌರವವೇನೆಂದರೆ, ಶತ್ರುಪಕ್ಷಕ್ಕೆ ಸಹಾಯ ಮಾಡುವವರೆಂಬ ಅಪವಾದ. ವಿಚಾರಣೆಗೆ ನೇಮಿಸಿದ ಸಮಿತಿಯು ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಾರದೆ ಕೈಚೆಲ್ಲಿತು.

ಈ ಮೋಸದ ಬೆಲೆಯನ್ನು ತೆತ್ತವರು ಯಾರು? ಲಿಸ್ಯೂ ಪಟ್ಟಣದ ಕನ್ಯಾಮಠದಲ್ಲಿ ತೆರೇಸಾ ಎಂಬ ತರುಣ ಸಂನ್ಯಾಸಿನಿಯಿದ್ದರು. ಕ್ಷಯರೋಗ ಹಿಡಿದು ಹಣ್ಣಾಗುತ್ತಿದ್ದ ಜೀವ. ಸೈತಾನನ ಬಾಯಿಂದ ಪಾರಾಗಿ ಬಂದ ಡಯಾನಾಳ ಕಥೆಯನ್ನು ಕೇಳಿ ಅವರ ಹೃದಯ ಕರಗಿತು. ಅವಳಿಂದ ಪ್ರೇರಿತರಾಗಿ 1896ರಲ್ಲಿ ಮಠದೊಳಗೆ ಆಡಲು ಕಿರುನಾಟಕವನ್ನು ಬರೆದರು, ಅವಳಿಗೆ ಕಾಗದ ಬರೆದರು, ಜೋನ್ ಆಫ್ ಆರ್ಕ್ ವೇಷದಲ್ಲಿ ತೆಗೆಸಿದ್ದ ತಮ್ಮ ಭಾವಚಿತ್ರವೂ ಅವಳಿಗೆ ಹೋಯಿತು. ಅತ್ತಲಿಂದ ಉತ್ತರವೂ ಬಂತು. ಬರೆದವನು ಯಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ.

1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣದಲ್ಲಿ ಡಯಾನಾ ಎಲ್ಲರೆದುರು ಕಾಣಿಸಿಕೊಳ್ಳುವಳೆಂದು ಪ್ರಕಟಣೆ ಹೊರಟಿತು. ಪಾದ್ರಿಗಳೂ ಪತ್ರಕರ್ತರೂ ಕಿಕ್ಕಿರಿದು ನೆರೆದರು. ಮೊದಲು ಲಾಟರಿ ಎತ್ತಿ ಯಾರಿಗೋ ಒಂದು ಟೈಪ್‌ರೈಟರ್ ಯಂತ್ರವನ್ನು ಬಹುಮಾನವಾಗಿ ಕೊಟ್ಟರು. ಬಳಿಕ ಟಾಕ್ಸಿಲ್‌ನು ಎದ್ದು ನಿಂತು, ಹನ್ನೆರಡು ವರ್ಷಗಳಿಂದ ತಾನು ಹೇಳಿದ್ದೆಲ್ಲವೂ ಸುಳ್ಳು, ಪಲ್ಲಾಡಿಯಂ ಪಂಥವೇ ಇಲ್ಲ, ಡಯಾನಾ ಎಂಬುವಳು ತನ್ನ ಬೆರಳಚ್ಚುಗಾರ್ತಿ ಎಂದು ನಗುತ್ತ ಸಾರಿದನು. ಅಂದು ಆ ಸಭಾಂಗಣದಲ್ಲಿ ಪರದೆಯ ಮೇಲೆ ಮೂಡಿಸಿದ ಚಿತ್ರ ತೆರೇಸಾ ಅವರದೇ. ಸುದ್ದಿ ಮುಟ್ಟಿದಾಗ ಅವರು ತಮಗೆ ಬಂದಿದ್ದ ಆ ಕಾಗದವನ್ನು ಹರಿದು ಗೊಬ್ಬರದ ಗುಂಡಿಗೆ ಎಸೆದರು. ಅದೇ ಸೆಪ್ಟೆಂಬರಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ 1925ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು. ಆದರೆ ಆ ಕೊನೆಯ ತಿಂಗಳುಗಳಲ್ಲಿ ಶ್ರದ್ಧೆಯ ಕತ್ತಲೆಯೊಡನೆ ಹೋರಾಡುತ್ತಿದ್ದ ಆ ಜೀವದ ಮೇಲೆ ಈ ಹೊಡೆತವೂ ಬೀಳಬೇಕಾಗಿತ್ತೇ? ಸುಳ್ಳನು ಹಣ ಗಳಿಸಿದನು. ಪತ್ರಿಕೆಗಳವರು ಚಂದಾದಾರರನ್ನು ಗಳಿಸಿದರು. ಅಂತಃಕರಣದಿಂದ ನಂಬಿದವರು ಜಗತ್ತಿನೆದುರು ನಗೆಗೀಡಾದರು.

ಇಲ್ಲಿ ಒಂದು ಮಾತು. ಟಾಕ್ಸಿಲ್‌ನ ಆ ತಪ್ಪೊಪ್ಪಿಗೆಯನ್ನಾದರೂ ಪೂರ್ತಿಯಾಗಿ ನಂಬಬೇಕೇ? ಮೊದಲ ದಿನದಿಂದಲೂ ಎಲ್ಲವನ್ನೂ ಹಾಸ್ಯಕ್ಕಾಗಿಯೇ ಯೋಜಿಸಿದ್ದೆನೆಂದು ಅವನು ಕೊಚ್ಚಿಕೊಂಡನು. ಅದಕ್ಕೂ ಅವನ ಮಾತೇ ಆಧಾರ! ಪಂಥವಿಲ್ಲವೆಂಬುದನ್ನು ನಾವು ಒಪ್ಪುವುದು ಅವನು ಹೇಳಿದನೆಂದಲ್ಲ. ವೇಟರಂಥವರ, ಜರ್ಮನಿಯ ಗ್ರೂಬರ್ ಎಂಬ ಜೆಸ್ಯುಯಿಟ್ ಪಾದ್ರಿಯಂಥವರ ಪರೀಕ್ಷೆಯಲ್ಲಿ ಅದು ಅದಕ್ಕೆ ಮೊದಲೇ ಕುಸಿದುಬಿದ್ದಿತ್ತೆಂದು. ಇನ್ನು ಕೆಲವು ಭಕ್ತರಂತೂ ನಿಜವಾದ ಡಯಾನಾಳನ್ನು ಫ್ರೀಮೇಸನ್‌ರು ಕೊಂದುಹಾಕಿ ಟಾಕ್ಸಿಲ್‌ನಿಗೆ ಲಂಚ ಕೊಟ್ಟರೆಂದು ನಂಬಿಕೊಂಡೇ ಉಳಿದರು. ಹಿತ್ತಾಳೆ ಕಿವಿಗೆ ಮದ್ದಿಲ್ಲ.

ಇದೇನು ಒಂದೇ ಮತದ ದೌರ್ಬಲ್ಯವೇ? 1836ರಲ್ಲಿ ಮರಿಯಾ ಮಾಂಕ್ ಎಂಬುವಳು ಮಾಂಟ್ರಿಯಲ್ ನಗರದ ಕನ್ಯಾಮಠದಿಂದ ಓಡಿಬಂದ ಸಂನ್ಯಾಸಿನಿಯೆಂದು ಹೇಳಿಕೊಂಡು, ಅಲ್ಲಿನ ಅತ್ಯಾಚಾರ, ಶಿಶುಹತ್ಯೆಗಳ ಕಥೆಯನ್ನು ನ್ಯೂಯಾರ್ಕಿನಲ್ಲಿ ಪ್ರಕಟಿಸಿದಾಗ ಪ್ರಾಟೆಸ್ಟೆಂಟರು ಅದನ್ನು ಮುಗಿಬಿದ್ದು ಕೊಂಡರು. ಅವರಲ್ಲಿಯೇ ಒಬ್ಬರಾದ, ಪತ್ರಿಕಾಸಂಪಾದಕ ವಿಲಿಯಂ ಸ್ಟೋನ್ ಎಂಬುವರು ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮಠಕ್ಕೆ ಹೋಗಿ ನೆಲಮಾಳಿಗೆಯವರೆಗೂ ನೋಡಿ ಬಂದರು. ಕಟ್ಟಡಕ್ಕೂ ಪುಸ್ತಕದ ವರ್ಣನೆಗೂ ಹೊಂದಿಕೆಯೇ ಇರಲಿಲ್ಲ. ಅವಳು ಅಲ್ಲಿ ಕಾಲಿಟ್ಟವಳೇ ಅಲ್ಲವೆಂದು ಬರೆದರು. 1972ರಲ್ಲಿ ಅಮೆರಿಕೆಯ ಮೈಕ್ ವಾರ್ನ್‌ಕೆ ತಾನು ಸಾವಿರದ ಐನೂರು ಮಂದಿ ಸೈತಾನಪೂಜಕರ ಗುರುವಾಗಿದ್ದೆನೆಂದು ಪುಸ್ತಕ ಬರೆದು ಇಪ್ಪತ್ತು ವರ್ಷ ಮೆರೆದನು. 1992ರಲ್ಲಿ ಷಿಕಾಗೋದ 'ಕಾರ್ನರ್‌ಸ್ಟೋನ್' ಎಂಬ ಕ್ರೈಸ್ತ ಪತ್ರಿಕೆಯೇ ಅವನ ಸಹಪಾಠಿಗಳನ್ನು ಹುಡುಕಿ ಮಾತನಾಡಿಸಿತು, ಆ ಕಾಲದ ಭಾವಚಿತ್ರಗಳನ್ನು ತೆಗೆಸಿತು, ತಿಂಗಳುಗಳನ್ನು ಎಣಿಸಿತು. ಅವನು ಕಾಲೇಜು ಸೇರಿದ್ದಕ್ಕೂ ನೌಕಾಪಡೆ ಸೇರಿದ್ದಕ್ಕೂ ನಡುವೆ ಇದ್ದ ಸುಮಾರು ಒಂಬತ್ತು ತಿಂಗಳಲ್ಲಿ ಅಷ್ಟೆಲ್ಲ ನಡೆಯಲು ಎಡೆಯೇ ಇರಲಿಲ್ಲ. ಸೊಂಟಕ್ಕೆ ಇಳಿಯುವ ಕೂದಲ ಗುರುವಿನ ಬದಲು ಕ್ರಾಪು ಬಾಚಿದ ಸಾಧಾರಣ ಹುಡುಗನು ಚಿತ್ರಗಳಲ್ಲಿ ನಿಂತಿದ್ದನು. ಸ್ಟೋನರೂ ಈ ಪತ್ರಿಕೆಯವರೂ ತಮ್ಮ ಪಕ್ಷದ ಸುಳ್ಳನ್ನು ತಾವೇ ಹೊರಗೆಡವಿದರು. ಆ ಧೈರ್ಯವನ್ನು ನಾವು ತಲೆಬಾಗಿ ಗೌರವಿಸುತ್ತೇವೆ.

ಹಾಗಾದರೆ ಒಳಗಿನಿಂದ ಬಂದವರನ್ನು ಎಂದಿಗೂ ನಂಬಲೇಬಾರದೇ ಎಂದು ಕೇಳುವಿರಿ. ಹಾಗೆ ನಾವು ಹೇಳಿಲ್ಲ. 1730ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪ್ರಿಚರ್ಡ್‌ನು ಫ್ರೀಮೇಸನ್‌ರ ಪ್ರಶ್ನೋತ್ತರಗಳನ್ನು ಅಚ್ಚು ಹಾಕಿಸಿದನು. ಅಮೆರಿಕೆಯ ವಿಲಿಯಂ ಮಾರ್ಗನ್‌ನು ಅವರ ಪ್ರತಿಜ್ಞೆ, ಸಂಜ್ಞೆಗಳನ್ನು ಪ್ರಕಟಿಸಲು ಹೊರಟು 1826ರಲ್ಲಿ ಅಪಹೃತನಾದನು, ಮತ್ತೆ ಕಾಣಿಸಲಿಲ್ಲ. ಇವರ ಬರಹವನ್ನು ಇತರ ಮೂಲಗಳೊಡನೆ ಹೋಲಿಸಿ ನೋಡಿದವರಿಗೆ ಅದು ಬಹುಮಟ್ಟಿಗೆ ನಿಜವೆಂದು ಕಂಡಿದೆ. ಆದರೆ ಅದನ್ನು ಓದಿ ನೋಡಿ, ಆಕಳಿಕೆ ಬರುತ್ತದೆ! ಎಲ್ಲಿ ನಿಲ್ಲಬೇಕು, ಕೈಯನ್ನು ಹೇಗೆ ಹಿಡಿಯಬೇಕು, ಯಾವ ಪ್ರಶ್ನೆಗೆ ಯಾವ ಉತ್ತರ, ಇಷ್ಟೇ. ನಿಜವಾಗಿ ಒಳಗಿದ್ದವನು ತಾನು ನಿಂತ ಜಾಗದಿಂದ ಕಂಡಷ್ಟನ್ನೇ ಹೇಳುತ್ತಾನೆ, ಕಾಣದುದನ್ನು ಕಂಡಿಲ್ಲವೆನ್ನುತ್ತಾನೆ. ಜಗತ್ತನ್ನೇ ಆಳುವ ಏಳು ಮಂದಿಯ ಸಭೆಗೆ ಪ್ರತಿಸಲವೂ ತನ್ನನ್ನೇ ಕರೆದರೆಂದು ಅವನು ಹೇಳುವುದಿಲ್ಲ. ಮಾರ್ಗನ್‌ನಿಗೆ ಅಪಾಯವಿದ್ದದ್ದೂ ನಿಜ. ಆದರೂ ಅವನು ತನ್ನ ಹೆಸರು ಮುಚ್ಚಿಡಲಿಲ್ಲ.

ಕೊನೆಯದಾಗಿ ಒಂದು ವಾದವನ್ನು ಕೇಳಿ ನಮಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿದೆ. 'ಸುಳ್ಳೇ ಇರಬಹುದು ಬುದ್ಧೀ, ಆದರೂ ಜನ ಎಚ್ಚರವಾಗುತ್ತಾರಲ್ಲ. ಒಳ್ಳೆಯದಕ್ಕೇ ಆಯಿತು' ಎನ್ನುತ್ತಾರೆ. ಸುಳ್ಳು ಒಮ್ಮೆ ಹೊರಬಿದ್ದ ಮೇಲೆ ಅದು ಒಳ್ಳೆಯದಕ್ಕೆ ಮಾತ್ರ ದುಡಿಯುತ್ತದೆಂದು ಇವರಿಗೆ ಬರೆದುಕೊಟ್ಟವರು ಯಾರು? 1894ರಲ್ಲಿ ಲಾ ರೀವ್ ಎಂಬ ಫ್ರೆಂಚ್ ಲೇಖಕನು, ಆಲ್ಬರ್ಟ್ ಪೈಕ್‌ನು 1889ರಲ್ಲಿ ಲೂಸಿಫರನೇ ದೇವರೆಂದು ಬೋಧಿಸಿದನೆನ್ನುವ ಉಪದೇಶವೊಂದನ್ನು ತನ್ನ ಪುಸ್ತಕದಲ್ಲಿ ಎತ್ತಿಕೊಟ್ಟನು. ಅದಕ್ಕೆ ಆಧಾರ ಡಯಾನಾ ವಾನ್! ಪೈಕ್ ಅಷ್ಟರಲ್ಲಿ ಸತ್ತು ಮೂರು ವರ್ಷವಾಗಿತ್ತು, ಅಲ್ಲವೆನ್ನಲು ಅವನಿರಲಿಲ್ಲ. 1897ರ ಏಪ್ರಿಲಿನಲ್ಲಿ ಗುಟ್ಟು ರಟ್ಟಾದಾಗ ಲಾ ರೀವ್‌ನೇ ಟಾಕ್ಸಿಲ್‌ನನ್ನು ಕಟುವಾಗಿ ಖಂಡಿಸಿ ಬರೆದನು. ಟಾಕ್ಸಿಲ್‌ನು 1907ರಲ್ಲಿ ಸತ್ತನು. ಆದರೆ ಆ ಉಪದೇಶವು 1933ರಲ್ಲಿ ಈಡಿತ್ ಸ್ಟಾರ್ ಮಿಲ್ಲರ್ ಎಂಬುವರ ಇಂಗ್ಲಿಷ್ ಗ್ರಂಥವನ್ನು ಸೇರಿತು; ಅಲ್ಲಿಂದ ಎಷ್ಟೋ ಪುಸ್ತಕಗಳಿಗೂ ಭಾಷಣಗಳಿಗೂ ಹರಿಯಿತು. ಈಗಲೂ ಅದು ಅಚ್ಚಾಗುತ್ತಿದೆ, ಈಗಲೂ ಅದರ ಕೆಳಗೆ ಪೈಕ್‌ನ ಹೆಸರೇ ಇರುತ್ತದೆ.